‘ಅಮೆರಿಕದ ಕೆಜಿಎಫ್’ ಕಳಿಸಿದವರಿಗೆ

ನಮಸ್ಕಾರ.

ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿರುವ ಹಳೇ ಚಿನ್ನದ ಗಣಿ ಊರು ಬೋಡಿಯ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ‘ವಿಷಾದ’ ಅಂತ ವಾಪಸು ಕಳಿಸಲೂ ಮನಸ್ಸಾಗಲಿಲ್ಲ.

ಮೊದಲ ಪುಟ ತೆಗೆದುಬಿಡಿ. ‘ಚಿನ್ನ ಮನುಷ್ಯನ ಆಸೆಯ ಸಂಕೇತ’ ಅಂತ ಶುರುವಾಗಿ ಪುಟ ಮುಗಿದರೂ ಊರಿನ ಹೆಸರೇ ಬಂದಿಲ್ಲ. ಆಮೇಲೆ ಬೋಡಿ ಅನ್ನುವ ಮನುಷ್ಯ. 1859ರಲ್ಲಿ ಚಿನ್ನ ಕಂಡ, ಅದೇ ವರ್ಷ ಹಿಮಗಾಳಿಗೆ ಸಿಕ್ಕಿ ಸತ್ತ, ತನ್ನ ಹೆಸರಿನ ಊರನ್ನು ನೋಡಲೇ ಇಲ್ಲ. ಇಷ್ಟು ಸಾಕು. ಸಾಯುವಾಗ ಅವನು ಏನು ಯೋಚಿಸಿದ ಅಂತಲೂ ಬರೆದಿದ್ದೀರಿ. ನಿಮಗೆ ಹೇಗೆ ಗೊತ್ತಾಯ್ತು?

ಶೀರ್ಷಿಕೆಯೂ ಬೇಡ. ಬೋಡಿಯ ಭರಾಟೆ 1877ರಿಂದ ಹೆಚ್ಚೆಂದರೆ ಐದಾರು ವರ್ಷ. ಕೋಲಾರದ ಗಣಿ 1880ರಿಂದ 2001ರವರೆಗೆ ನಡೆಯಿತು, ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿಯಿತು. ಬೋಡಿಯಲ್ಲಿ ಈಗ ಊರಿನವರು ಅಂತ ಯಾರೂ ಇಲ್ಲ. ಕೆಜಿಎಫ್‌ನವರು ಇವತ್ತಿಗೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ.

ಇಂಗ್ಲಿಷಿನ ‘ಘೋಸ್ಟ್ ಟೌನ್’ಗೆ ‘ದೆವ್ವದ ಊರು’ ಅನ್ನುವುದನ್ನು ಹದಿನಾಲ್ಕು ಸಲ ಬಳಸಿದ್ದೀರಿ, ಎಣಿಸಿದೆ. ನಮ್ಮಲ್ಲಿ ಹಾಳೂರು ಅಂತ ಒಳ್ಳೇ ಮಾತಿದೆ ಅಲ್ವಾ? ಕಂದಾಯದವರು ಬೇಚರಾಕ್ ಗ್ರಾಮ ಅಂತಲೂ ಬರೆಯುತ್ತಾರೆ.

ಈಗ ಆರನೇ ಪುಟಕ್ಕೆ ಬನ್ನಿ. ‘ಇಡೀ ಊರು ಮರದ್ದು, ಸುತ್ತ ನೋಡಿದರೆ ಒಂದು ಮರವಿಲ್ಲ.’ ನಿಮ್ಮ ಲೇಖನ ಇರುವುದು ಇಲ್ಲೇ ರೀ! ಇದನ್ನು ಬರೆದು ನೀವು ಮುಂದಕ್ಕೆ ಓಡಿಬಿಟ್ಟಿದ್ದೀರಿ. ಸುಮಾರು 8,400 ಅಡಿ ಎತ್ತರ, ಮೈ ಕೊರೆಯುವ ಚಳಿ. ಅದಿರು ಪುಡಿಮಾಡುವ ಗಿರಣಿಯ ಬಾಯ್ಲರಿಗೆ ಸೌದೆ, ಮನೆ ಒಲೆಗೆ ಸೌದೆ, ಸುರಂಗ ಕುಸಿಯದಂತೆ ಒತ್ತುಕೊಡಲು ದಿಮ್ಮಿ. ಎಲ್ಲ ಎಲ್ಲಿಂದ ಬಂತು? 1881ರಲ್ಲಿ ಮೋನೋ ಮಿಲ್ಸ್‌ನ ಕಾಡಿನಿಂದ 32 ಮೈಲಿ ರೈಲು ಹಾಕಿದರು. ಆ ಹಳಿ ಬೇರೆ ಯಾವ ರೈಲಿಗೂ ಸೇರಲಿಲ್ಲ, ಮರ ಹೊರುವುದೊಂದೇ ಕೆಲಸ. ತಮಾಷೆ ಅಂದರೆ, ರೈಲು ಬರುವ ಹೊತ್ತಿಗೆ ಜನ ಗಂಟುಮೂಟೆ ಕಟ್ಟತೊಡಗಿದ್ದರು.

ಮುಂದೆ ಸ್ಟ್ಯಾಂಡರ್ಡ್ ಗಿರಣಿಯವರು 13 ಮೈಲಿ ದೂರದ ಗ್ರೀನ್ ಕ್ರೀಕ್ ಹೊಳೆಯಿಂದ ಕರೆಂಟು ತಂದರು, 1893ರ ಹೊತ್ತಿಗೆ. ಒಂಬತ್ತು ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಗಣಿಗೆ 92 ಮೈಲಿ ತಂತಿ ಬಂತು. ಕೆಜಿಎಫ್ ಹೆಸರು ಎತ್ತಲೇಬೇಕು ಅಂದರೆ ಇಲ್ಲಿ ಎತ್ತಿ.

ಜಿಮ್ ಕೇನ್‌ಗೆ ಅರ್ಧ ಸಾಲು ಕೊಟ್ಟಿದ್ದೀರಿ. ಮರ ಸಾಗಿಸುವ ಕೆಲಸದಿಂದ ಶುರುಮಾಡಿ ಬ್ಯಾಂಕಿನ ಒಡೆಯನಾದವನು, ಬಿಟ್ಟುಹೋದವರ ಜಾಗವನ್ನೆಲ್ಲ ಕೊಂಡವನು. ಹಾಳೂರಿಗೆ ಉಳಿದವನೇ ಗೌಡ. ಅವನಿಗೆ ಒಂದು ಪುಟವಾದರೂ ಬೇಕು.

ಶಾಲೆಯ ಕಿಟಕಿಗೆ ಮೂಗು ಒತ್ತಿ, ಬಿಸಿಲಿಗೆ ಬಣ್ಣ ಬಿಟ್ಟ ಗ್ಲೋಬ್ ನೋಡಿದ್ದು ಚೆನ್ನಾಗಿದೆ. ಅದರ ಹಿಂದೆಯೇ ಬರುವ ‘ಕಣ್ಣು ತೇವವಾಯಿತು’ ಹೊಡೆದುಹಾಕಿ. ಬದಲಿಗೆ, 1962ರಲ್ಲಿ ಊರು ಸರ್ಕಾರಿ ಉದ್ಯಾನವಾದ ಮೇಲಿನ ನಿಯಮ ಹೇಳಿ: ಮನೆ ಬೀಳದಂತೆ ತೇಪೆ ಹಾಕಬಹುದು, ಹೊಸದು ಮಾಡುವಂತಿಲ್ಲ.

1,200 ಪದ ಸಾಕು. ಏಳು ಫೋಟೋ ಕಳಿಸಿದ್ದೀರಿ, ಆರರಲ್ಲಿ ನೀವೇ ಇದ್ದೀರಿ. ಆ ಕಿಟಕಿಯದ್ದು ಇದ್ದರೆ ಕಳಿಸಿ.

– ಸಂ.