ಓದುಗರ ಪ್ರಶ್ನೆ: ಚರ್ಚ್ ಸರಿ, ಊರೆಲ್ಲಿ?

ಪ್ರಶ್ನೆ: ಮೇಡಂ, ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಹೇಮಾವತಿ ಮುಳುಗಡೆ ಬಗ್ಗೆ ಹದಿನೈದು ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು. ಶೆಟ್ಟಿಹಳ್ಳಿ ಚರ್ಚನ್ನು ಡ್ರೋನ್‌ನಲ್ಲಿ ತೆಗೆದಿದ್ದೇನೆ, ತುಂಬಾ ಚೆನ್ನಾಗಿ ಬಂದಿದೆ. ಮುಂದೇನು ತೋರಿಸಲಿ?
– ಓದುಗ, ಹಾಸನ

ಚೆನ್ನಾಗಿ ಬಂದೇ ಬರುತ್ತಪ್ಪ. ಮದುವೆಗೆ ಮುಂಚೆ ಫೋಟೊಶೂಟ್‌ಗೆ ಬರೋರು, ರೀಲ್ಸ್ ಮಾಡೋರು, ಭಾನುವಾರ ಬೆಂಗಳೂರಿಂದ ಬೈಕಲ್ಲಿ ಬರೋರು, ಎಲ್ಲರ ಮೊಬೈಲಲ್ಲೂ ಅದು ಚೆನ್ನಾಗೇ ಬಂದಿದೆ. ಮಳೆಗಾಲದಲ್ಲಿ ಕತ್ತಿನ ತನಕ ನೀರು, ಬೇಸಿಗೆಯಲ್ಲಿ ಬಟಾಬಯಲಲ್ಲಿ ನಿಂತ ಮೋಟು ಗೋಡೆ. ನೋಡಿದವರು 'ಅಬ್ಬಾ' ಅಂತಾರೆ, ಅಷ್ಟೆ. ಸುತ್ತ ಇದ್ದ ಊರಿನವರು ಎಲ್ಲಿಗೆ ಹೋದರು ಅಂತ ಕೇಳಿದವರನ್ನು ನಾನು ಅಲ್ಲಿ ಕಂಡಿಲ್ಲ. ಆ ದೃಶ್ಯ ಸದ್ಯ ಪಕ್ಕಕ್ಕಿಡಿ.

ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ. ಊರು ಬಿಡುವಾಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಸೊಸೆಯಂದಿರಿಗೆ ಈಗ ಎಪ್ಪತ್ತು ತುಂಬುತ್ತಿದೆ. ಹಾಗಾಗಿ ಮೊದಲು ಅವರ ಮನೆಗೆ ಹೋಗಿ. 'ಕಷ್ಟ ಹೇಳಿ ಅಜ್ಜಿ' ಅಂದರೆ ಟಿವಿಯವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಾರೆ. 'ಊರಲ್ಲಿ ನಿಮ್ಮನೆ ಎಲ್ಲಿತ್ತು?' ಅಂತ ಕೇಳಿ. ಆಲೂರು ಕಡೆ ಒಬ್ಬರು ಅಜ್ಜಿ ಇದಕ್ಕೆ ನನಗೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಜಗಲಿ ಮೇಲೆ ಎಲೆಅಡಿಕೆ ತಟ್ಟೆ ಇಟ್ಟು 'ಇದು ಮಾರಿಗುಡಿ' ಅಂದರು. ಸುಣ್ಣದ ಡಬ್ಬಿ ಅವರತ್ತೆ ಮನೆಯಾಯಿತು. ಅಡಿಕೆ ಹೋಳನ್ನು ಒಂದೊಂದಾಗಿ ಜೋಡಿಸಿ ಹೊಳೆಗೆ ಹೋಗೋ ದಾರಿ ಮಾಡಿದರು. ಸೊಸೆ ಕಾಫಿ ತಂದು ಲೋಟ ಇಡಲು ಬಗ್ಗಿದರೆ 'ಅಲ್ಲಿಡಬ್ಯಾಡ ಕಣೆ, ಕಣ ಅದು' ಅಂತ ಗದರಿದರು. ನಿಮ್ಮ ಹದಿನೈದು ನಿಮಿಷದಲ್ಲಿ ನಾಲ್ಕು ನಿಮಿಷ ಇಂಥದ್ದಕ್ಕೆ ಕೊಡಿ, ಮಧ್ಯೆ ಕತ್ತರಿ ಹಾಕಬೇಡಿ.

ಆಮೇಲೆ ಕಾಗದ. ಎಚ್‌ಆರ್‌ಪಿ, ಅಂದರೆ ಹೇಮಾವತಿ ಜಲಾಶಯ ಯೋಜನೆಯಲ್ಲಿ ಮುಳುಗಡೆಯವರಿಗೆ ಕೊಡುವ ಜಮೀನಿಗೆ ಓಡಾಡಿದವರ ಮನೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ನೋಟಿಸು, ಹಳೇ ಪಹಣಿ ಇದ್ದೇ ಇರುತ್ತವೆ. ಒಕ್ಕಣೆ ಓದಿಸುವುದಕ್ಕಿಂತ ಅದನ್ನು ಬಿಡಿಸುವ ಕೈ ತೆಗೆಯಿರಿ. ಇನ್ನೊಂದು: ಪೇಪರಿನಲ್ಲಿ ದಿನಾ ಜಲಾಶಯದ ಮಟ್ಟ ಬರುತ್ತೆ. 2922 ಅಡಿ ಮುಟ್ಟಿ ತುಂಬಿತೆಂದರೆ ಬಾಗಿನ, ಜೈಕಾರ, ನಾಲೆ ಕೆಳಗಿನ ರೈತರಿಗೆ ಹಬ್ಬ. ಅದೇ ಸುದ್ದಿಯನ್ನು ಮುಳುಗಡೆಯವರ ಮನೆಯಲ್ಲಿ ಕೂತು ಓದಿ. ಚರ್ಚ್ ಬೇಕೆಂದರೆ ಅದಾದ ಮೇಲೆ ಬರಲಿ.

ಪ್ರಶ್ನೆ: ಹಿನ್ನೆಲೆಗೆ ಕೊಳಲು ಹಾಕಬಹುದೇ?
– ಓದುಗ, ಅರಸೀಕೆರೆ

ಬೇಡ.

ಪ್ರಶ್ನೆ: ಭದ್ರಾ ಕಾಡಿನೊಳಗಿದ್ದ ನಮ್ಮ ತಾತನವರು ಎಂ.ಸಿ. ಹಳ್ಳಿಗೆ ಬಂದು ನೆಲೆಸಿದವರು. ನಮ್ಮ ಮನೆಯಲ್ಲಿ ಯಾರೂ ಅಳುವುದಿಲ್ಲ, 'ಬಂದಿದ್ದೇ ಒಳ್ಳೇದಾಯ್ತು' ಅಂತಾರೆ. ಇಂಥ ಕಥೆ ಯಾರು ನೋಡ್ತಾರೆ?
– ಓದುಗಳು, ತರೀಕೆರೆ

ನಾನು ನೋಡ್ತೀನಿ ತಾಯಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶವಾದದ್ದು 1998ರಲ್ಲಿ. ಮುಂದೆ 2001-02ರಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಪುನರ್ವಸತಿ ಹೀಗಿರಬೇಕು ಅಂತ ಬೇರೆ ಕಡೆಯವರಿಗೆ ತೋರಿಸುವುದು ಇದನ್ನೇ. ಅಳದವರನ್ನು ಕ್ಯಾಮೆರಾ ಮುಂದೆ ಅಳಿಸುವುದು ನಮ್ಮ ಕಸುಬಿನ ಕೆಟ್ಟ ಚಾಳಿ, ನೀವು ಕಲಿಯಬೇಡಿ. ಆದರೆ ನಿಮ್ಮ ಮನೆಯ ಮಾತು ಇಡೀ ಊರಿನ ಮಾತೂ ಅಲ್ಲ. ಜಮೀನಿದ್ದು ಬಂದವರನ್ನು, ಕೂಲಿ ಮಾಡಿಕೊಂಡು ಬಂದವರನ್ನು, ಹೊರಗೆ ಬಂದಮೇಲೆ ಹುಟ್ಟಿದವರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿ. ತಾತನನ್ನು ರಾತ್ರಿ ಹೊತ್ತು ಕೇಳಿ. ಆನೆ, ಹಂದಿ ಕಾಯುತ್ತಾ ನಿದ್ದೆಗೆಟ್ಟವರಿಗೆ ಮಾತು ಹೊರಡುವುದು ಆಗಲೇ. ಹಳೇ ಊರಿನ ಜಾಗ ಚಿತ್ರೀಕರಿಸುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮುಂಚಿತವಾಗಿ ಅರ್ಜಿ ಹಾಕಿ.

ಪ್ರಶ್ನೆ: ನಾನು ಗೃಹಿಣಿ. ಸಾಕ್ಷ್ಯಚಿತ್ರ ನೋಡಿ ಅಭ್ಯಾಸವಿಲ್ಲ. ಒಂದೇ ಒಂದು ಹೇಳಿ.
– ಓದುಗಳು, ಕಡೂರು

'ಹನಿಲ್ಯಾಂಡ್', 2019ರದ್ದು. ಉತ್ತರ ಮ್ಯಾಸಿಡೋನಿಯದ ಒಂದು ಪಾಳು ಹಳ್ಳಿ. ಹಾಸಿಗೆ ಹಿಡಿದ ತಾಯಿಯ ಜೊತೆ ಇರುವ ಹೆಂಗಸು ಜೇನು ಕೀಳುವಾಗ ಅರ್ಧ ತನಗೆ, ಅರ್ಧ ಹುಳಕ್ಕೆ ಬಿಡುತ್ತಾಳೆ. ಪಕ್ಕಕ್ಕೆ ಬಂದ ಸಂಸಾರವೊಂದು ಪೂರ್ತಿ ಬಾಚುತ್ತದೆ. ಮೂರು ವರ್ಷ, 400 ಗಂಟೆಗೂ ಹೆಚ್ಚು ಚಿತ್ರೀಕರಣ. ಆಕೆಯ ಟರ್ಕಿಶ್ ಮಾತು ನಿರ್ದೇಶಕರಿಗೇ ಬರುತ್ತಿರಲಿಲ್ಲ, ಹಾಗಾಗಿ ಮೊದಲು ಮಾತು ಬಿಟ್ಟು ಬರೀ ದೃಶ್ಯ ನೋಡಿಕೊಂಡು ಸಂಕಲನ ಮಾಡಿದರು. ಕೆಳಗೆ ಬರುವ ಇಂಗ್ಲಿಷ್ ಸಾಲು ಓದಲಾಗುತ್ತಿಲ್ಲ ಅಂತ ಚಿಂತೆ ಬೇಡ, ಓದದೆಯೂ ಅರ್ಥವಾಗುತ್ತೆ.