ಹುಳದ ಬೆನ್ನಿನ ಬಿಳಿ ಮಚ್ಚೆ ಎಡಿಟಿಂಗ್‌ನಲ್ಲಿ ಹೋಗುವುದಿಲ್ಲ

ಮಳೆ ಶುರುವಾದ ಕೂಡಲೇ ಮ್ಯಾಕ್ರೋ ಫೋಟೋಗ್ರಫಿ, ಅಂದರೆ ಹುಳದಂಥ ಚಿಕ್ಕದ್ದನ್ನು ತೀರ ಹತ್ತಿರದಿಂದ ತೆಗೆಯುವುದರ ಬಗ್ಗೆ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ ವಿಷಯ. ಅದಕ್ಕೇ ಜಾಗ ಹೆಚ್ಚು ಕೊಟ್ಟಿದ್ದೇನೆ. ಅಪರ್ಚರ್ ಎಂದರೇನು, ಐಎಸ್‌ಓ ಎಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಕ್ಯಾಮೆರಾ ಜೊತೆ ಬಂದ ಪುಸ್ತಕದಲ್ಲಿ ಅದೆಲ್ಲ ಇದೆ, ಓದಿಕೊಳ್ಳಿ.

ಪ್ರಶ್ನೆ: 100 ಎಂಎಂ ಮ್ಯಾಕ್ರೋ ಲೆನ್ಸ್, ಒಂದು ಫ್ಲಾಶ್ ಇದೆ. ಗುಲಗಂಜಿ ಹುಳ, ಜೀರುಂಡೆ ತೆಗೆದರೆ ಬೆನ್ನ ಮೇಲೆ ಬಿಳಿ ಮಚ್ಚೆ ಬರುತ್ತದೆ. ಫ್ಲಾಶ್‌ಗೆ ಡಿಫ್ಯೂಸರ್ (ಬೆಳಕು ಚೆದುರಿಸುವ ಮುಸುಕು) ಹಾಕಿದ್ದೇನೆ. ಲೈಟ್‌ರೂಮ್‌ನಲ್ಲಿ ಹೈಲೈಟ್ ಪೂರ್ತಿ ಇಳಿಸಿದರೂ ಮಚ್ಚೆ ಬೂದು ಬಣ್ಣಕ್ಕೆ ತಿರುಗುತ್ತದೆ, ಹೋಗುವುದಿಲ್ಲ. ಯಾವ ಸಾಫ್ಟ್‌ವೇರ್ ಬಳಸಲಿ? (ಶಿರಸಿಯ ಓದುಗರು)

ಯಾವುದೂ ಬೇಡ. ಮಚ್ಚೆ ಇರುವ ಜಾಗದಲ್ಲಿ ಸೆನ್ಸರ್‌ಗೆ ಹಿಡಿಯಲಾಗದಷ್ಟು ಬೆಳಕು ಬಿದ್ದಿದೆ. ಅಲ್ಲಿ ಹುಳದ ಬಣ್ಣ ದಾಖಲಾಗಿಯೇ ಇಲ್ಲ. ಇಲ್ಲದ್ದನ್ನು ಯಾವ ಸ್ಲೈಡರ್ ಎಳೆದರೂ ತರಲಾಗದು. ಅದನ್ನು ಸರಿಮಾಡಬೇಕಾದದ್ದು ಶಟರ್ ಒತ್ತುವ ಮೊದಲು. ಇಷ್ಟು ಮಾತನ್ನು ವರ್ಷಗಟ್ಟಲೆ ಹೇಳುತ್ತಿದ್ದೇನೆ, ಆದರೂ ಜನ ಸಾಫ್ಟ್‌ವೇರ್ ಹೆಸರನ್ನೇ ಕೇಳುತ್ತಾರೆ.

ನಿಮ್ಮ ಫೋಟೋವನ್ನು ಪೂರ್ತಿ ಹಿಗ್ಗಿಸಿ ಆ ಮಚ್ಚೆಯ ಆಕಾರ ನೋಡಿ. ಮೂಲೆಗಳಿರುವ ಆಯತ ಕಾಣುತ್ತದೆ, ಅಲ್ವಾ? ಅದು ನಿಮ್ಮ ಫ್ಲಾಶ್ ತಲೆಯ ಪ್ರತಿಬಿಂಬ. ಐದಾರು ಮಿಲಿಮೀಟರಿನ ಗುಲಗಂಜಿ ಹುಳದ ಬೆನ್ನು ನಯವಾಗಿ, ಉಬ್ಬಿಕೊಂಡಿರುತ್ತದೆ. ಎದುರಿಗಿರುವ ಬೆಳಕು ಹೇಗಿದೆಯೋ ಹಾಗೇ ತೋರಿಸುತ್ತದೆ. ಬೆಳಕು ಚಿಕ್ಕದಾಗಿದ್ದರೆ ಇಡೀ ಹೊಳಪು ಚಿಕ್ಕ ಜಾಗದಲ್ಲೇ ಸೇರಿಕೊಂಡು ಅಲ್ಲಿ ಬಣ್ಣ ಸುಟ್ಟುಹೋಗುತ್ತದೆ. ಬೆಳಕು ದೊಡ್ಡದಾಗಿದ್ದರೆ ಅದೇ ಹೊಳಪು ಬೆನ್ನ ತುಂಬ ತೆಳ್ಳಗೆ ಹರಡುತ್ತದೆ, ಕೆಳಗಿನ ಕೆಂಪೂ ಕಾಣುತ್ತದೆ.

ದೊಡ್ಡದು ಎಂದರೆ ಹುಳ ಇರುವ ಜಾಗದಿಂದ ನೋಡಿದಾಗ ದೊಡ್ಡದು. ಸೂರ್ಯನ ಅಡ್ಡಗಲ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮಗೆ ಅದು ಚಿಕ್ಕ ದೀಪ, ಅದಕ್ಕೇ ಬಿಸಿಲಿನ ನೆರಳು ಚೂಪು. ಮೋಡ ಕವಿದ ದಿನ ಇಡೀ ಆಕಾಶವೇ ದೀಪವಾಗುತ್ತದೆ, ನೆರಳು ಕರಗುತ್ತದೆ. ಡಿಫ್ಯೂಸರ್ ಮಾಡಬೇಕಾದದ್ದು ಆ ಮೋಡದ ಕೆಲಸ.

ನೀವು ಹಾಕಿರುವುದು ಫ್ಲಾಶ್ ತಲೆಗೆ ಕಚ್ಚಿಸುವ ಪ್ಲಾಸ್ಟಿಕ್ ಟೋಪಿ ಅಂತ ಕಾಣುತ್ತದೆ. ಮದುವೆ ಮಂಟಪದಲ್ಲಿ ಅದು ಸರಿ, ಬೆಳಕು ಗೋಡೆ, ಮಾಳಿಗೆಗೆ ಬಡಿದು ವಾಪಸ್ ಬರುತ್ತದೆ. ತೋಟದಲ್ಲಿ ಗೋಡೆ ಎಲ್ಲಿದೆ? ಫ್ಲಾಶ್ ತಲೆಯಷ್ಟೇ ದೊಡ್ಡದಿರುವ ಟೋಪಿಯಿಂದ ಬೆಳಕು ದೊಡ್ಡದಾಗುವುದಿಲ್ಲ, ಸುಮ್ನೆ ಬ್ಯಾಟರಿ ಖಾಲಿಯಾಗುತ್ತದೆ.

ಹೀಗೆ ಮಾಡಿ. 100 ಎಂಎಂ ಲೆನ್ಸ್‌ನಲ್ಲಿ 1:1 ಅಳತೆಗೆ (ಸೆನ್ಸರ್ ಮೇಲೆ ಹುಳ ತನ್ನ ನಿಜ ಗಾತ್ರದಲ್ಲೇ ಮೂಡುವಷ್ಟು ಹತ್ತಿರ) ಹೋದಾಗ ಲೆನ್ಸಿನ ಮುಂತುದಿಗೂ ಹುಳಕ್ಕೂ ನಡುವೆ ಸುಮಾರು 13ರಿಂದ 15 ಸೆಂಟಿಮೀಟರ್ ಜಾಗ ಇರುತ್ತದೆ. ನಿಮ್ಮ ಡಿಫ್ಯೂಸರ್ ಆ ಜಾಗದ ಮೇಲೆ ಚಾಚಿಕೊಂಡು ಬರಬೇಕು. ಟಿವಿ, ಫ್ರಿಜ್ ಪ್ಯಾಕಿಂಗ್‌ನಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆ ಸಾಕು. ಅದಿಲ್ಲದಿದ್ದರೆ ಟ್ರೇಸಿಂಗ್ ಪೇಪರ್. ಎ4 ಅಳತೆಗೆ ಕತ್ತರಿಸಿ, ಒಳಕ್ಕೆ ಬಾಗಿಸಿ, ಹುಳದ ಮೇಲ್ಭಾಗಕ್ಕೂ ಎರಡೂ ಪಕ್ಕಕ್ಕೂ ಬರುವಂತೆ ಲೆನ್ಸಿಗೆ ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿ. ಒಂದು ಪದರ ಸಾಲದು. ಫ್ಲಾಶ್ ಬಾಯಿಯ ಹತ್ತಿರ ಇನ್ನೊಂದು ಪದರ ಇರಲಿ, ಎರಡರ ನಡುವೆ ನಾಲ್ಕೈದು ಬೆರಳಿನಷ್ಟು ಖಾಲಿ ಜಾಗ ಇರಲಿ. ಮೊದಲ ಪದರ ಬೆಳಕನ್ನು ಚೆದುರಿಸಿದ ಮೇಲೆ ಎರಡನೆಯದರ ಮೇಲೆ ಅದು ಸಮವಾಗಿ ಬೀಳುತ್ತದೆ. ಹಳದಿ ತಿರುಗಿದ ಹಳೇ ಕಾಗದ ಬಳಸಬೇಡಿ, ಅದರ ಬಣ್ಣ ಹುಳಕ್ಕೆ ಬರುತ್ತದೆ.

ಸರಿಯಾಯಿತೋ ಇಲ್ಲವೋ ನೋಡಲು ಕಾಡಿಗೆ ಹೋಗಬೇಕಿಲ್ಲ. ಒಂದು ಸ್ಟೀಲ್ ಚಮಚ ಬೋರಲು ಹಾಕಿ ಅದರ ಬೆನ್ನಿನ ಫೋಟೋ ತೆಗೆಯಿರಿ. ನಿಮ್ಮ ಡಿಫ್ಯೂಸರ್ ಅದರಲ್ಲಿ ಇದ್ದಂತೆ ಕಾಣುತ್ತದೆ. ನಡುವೆ ಉರಿಯುವ ಚುಕ್ಕೆ, ಸುತ್ತ ಮಂಕು ಎಂದಾದರೆ ಪದರಗಳ ನಡುವಿನ ಜಾಗ ಹೆಚ್ಚಿಸಿ, ಇಲ್ಲವೇ ನಡುಭಾಗಕ್ಕೆ ಇನ್ನೊಂದು ಚೂರು ಕಾಗದ ಅಂಟಿಸಿ. ಇಡೀ ಹಾಳೆ ಒಂದೇ ಸಮ ಬೆಳ್ಳಗೆ ಕಂಡ ಮೇಲೆ ಹುಳದ ಹತ್ತಿರ ಹೋಗಿ. ಈ ಚಮಚದ ಪರೀಕ್ಷೆ ಮಾಡದೆ ನನಗೆ ಫೋಟೋ ಕಳಿಸಬೇಡಿ.

ಆದರೆ ನೆರಳನ್ನೇ ಅಳಿಸಿಹಾಕಬೇಡಿ. ಬೆಳಕು ಮೇಲಿನಿಂದ ಬರಲಿ, ಹೊಟ್ಟೆಯ ಕೆಳಗೆ ಸ್ವಲ್ಪ ಕತ್ತಲು ಉಳಿಯಲಿ. ಹುಳ ದುಂಡಗಿದೆ ಅಂತ ಕಣ್ಣಿಗೆ ತಿಳಿಯುವುದು ಆ ಕತ್ತಲಿನಿಂದ. ಕಾಲುಗಳು ಪೂರ್ತಿ ಕಪ್ಪಾದರೆ ಕೆಳಗೆ ಬಿಳಿ ವಿಸಿಟಿಂಗ್ ಕಾರ್ಡ್ ಹಿಡಿಯಿರಿ. ಹಿಂದೆ ಕಪ್ಪು ಬೇಡವೆಂದರೆ ಹುಳದ ಹಿಂದೆ ಒಂದು ಗೇಣಿನೊಳಗೆ ಹಸಿರೆಲೆ ಬರುವಂತೆ ನಿಮ್ಮ ಕೋನ ಬದಲಿಸಿ. ದೂರ ಎರಡು ಪಟ್ಟಾದರೆ ಫ್ಲಾಶ್ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಅಡಿ ಹಿಂದಿರುವ ಪೊದೆ ಕಪ್ಪಾಗಲು ಅದೇ ಕಾರಣ.

ಫ್ಲಾಶ್ ಮ್ಯಾನುಯಲ್ ಮೋಡ್‌ನಲ್ಲಿರಲಿ, ಪವರ್ ನೀವೇ ಇಡಿ. 1:1ರಲ್ಲಿ ನೀವು ಇಟ್ಟ ಎಫ್ 8, ಬೆಳಕಿನ ಲೆಕ್ಕದಲ್ಲಿ ಎಫ್ 16ರಂತೆ ವರ್ತಿಸುತ್ತದೆ. ಅಂದರೆ ಎರಡು ಸ್ಟಾಪ್ ಅಲ್ಲೇ ಹೋಯಿತು, ಉಳಿದದ್ದು ಕಾಲು ಭಾಗ ಬೆಳಕು. ಮೇಲೆ ಡಿಫ್ಯೂಸರ್ ತಿನ್ನುವುದು ಬೇರೆ. ಅದಕ್ಕಾಗಿ ಫ್ಲಾಶ್ ಪವರ್ ಪೂರ್ತಿ ಏರಿಸುತ್ತಾರೆ, ಅದು ತಪ್ಪು. ಪೂರ್ತಿ ಪವರ್‌ನಲ್ಲಿ ಫ್ಲಾಶ್ ಹೆಚ್ಚು ಹೊತ್ತು ಉರಿಯುತ್ತದೆ, ಕಡಿಮೆ ಪವರ್‌ನಲ್ಲಿ ಮಿಂಚಿನಷ್ಟು ಚುಟುಕು. ಕೈ ನಡುಕ, ಎಲೆಯ ಅಲುಗಾಟ ನಿಲ್ಲಿಸುವುದು ಆ ಚುಟುಕು ಮಿಂಚೇ. ಐಎಸ್‌ಓ 400ಕ್ಕೆ ಏರಿಸಿ, ಪವರ್ 1/8ರ ಆಸುಪಾಸು ಇಡಿ. ಎಫ್ 22ಕ್ಕೆ ಮಾತ್ರ ಹೋಗಬೇಡಿ, ಇಡೀ ಫೋಟೋ ಮೆತ್ತಗಾಗುತ್ತದೆ.

ಈಗ ಎಡಿಟಿಂಗ್. ಸೆನ್ಸರ್ ಹಿಡಿದದ್ದನ್ನೆಲ್ಲ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಗುಲಗಂಜಿ ಹುಳ, ಕೆಂಪು ತಿಗಣೆ, ಕೆಂಪು ಹೂವುಗಳಲ್ಲಿ ಕೆಂಪು ಚಾನೆಲ್ ಮೊದಲು ಸುಟ್ಟುಹೋಗುತ್ತದೆ. ಒಟ್ಟು ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ಚೆನ್ನಾಗಿಯೇ ಕಾಣುತ್ತಿರುತ್ತದೆ, ಬೆನ್ನು ಮಾತ್ರ ಬಣ್ಣ ಬಳಿದ ಹಾಗೆ ಚಪ್ಪಟೆ. ಕ್ಯಾಮೆರಾದಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್ ಬೇರೆ ಬೇರೆ ಕಾಣುವಂತೆ ಇಟ್ಟುಕೊಳ್ಳಿ. ಕೆಂಪು ಬಲಗಡೆ ಗೋಡೆಗೆ ತಾಗಿದರೆ ಬೆಳಕು ಸ್ವಲ್ಪ ಇಳಿಸಿ. ಮನೆಗೆ ಬಂದ ಮೇಲೆ ನೆರಳು ಎತ್ತುವುದು ಸುಲಭ. ಶಾರ್ಪ್‌ನೆಸ್ ಕೊಡುವಾಗ ಮಾಸ್ಕ್ ಹಾಕಿ, ಹುಳಕ್ಕೆ ಮಾತ್ರ ಕೊಡಿ. ನಾಯ್ಸ್ ತೆಗೆಯುವುದು ಹಿನ್ನೆಲೆಯಲ್ಲಿ ಮಾತ್ರ.

ಕೆಲವರು ಫ್ಲಾಶ್‌ಗೆ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ), ಲೆನ್ಸಿಗೆ ಅಡ್ಡ ಪೋಲರೈಸರ್ ಹಾಕಿ ಹೊಳಪನ್ನು ಪೂರ್ತಿ ಕೊಲ್ಲುತ್ತಾರೆ. ಚುಕ್ಕೆಗಳ ವಿನ್ಯಾಸ ದಾಖಲಿಸಬೇಕಾದ ಸಂಶೋಧಕರಿಗೆ ಅದು ಉಪಯೋಗ. ನಿಮಗೆ ಬೇಡ. ಹೊಳೆಯುವ ಹುಳ ಫೋಟೋದಲ್ಲೂ ಹೊಳೆಯಬೇಕು.

ಪ್ರಶ್ನೆ: ರಿಂಗ್ ಫ್ಲಾಶ್ ಕೊಳ್ಳಲೇ? (ಹಾಸನ)

ಬೇಡ. ಅದು ಲೆನ್ಸಿನ ಸುತ್ತ ಉಂಗುರದಂತೆ ಕೂರುತ್ತದೆ. ಬೆಳಕು ಚಪ್ಪಟೆ, ಜೇಡದ ಪ್ರತಿ ಕಣ್ಣಲ್ಲೂ ಬಳೆಯಂಥ ಪ್ರತಿಬಿಂಬ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಒಬ್ಬರು ಹುಳವನ್ನು ಡಬ್ಬಿಯಲ್ಲಿ ಹಾಕಿ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಅಲುಗಾಡುವುದಿಲ್ಲ ಎಂದರು. ಹುಳಕ್ಕೆ ಏನೂ ಆಗುವುದಿಲ್ಲವಂತೆ. ನಿಜವೇ? (ದಾವಣಗೆರೆ)

ಸುಳ್ಳು. ಕೆಲವು ಚೇತರಿಸಿಕೊಳ್ಳುತ್ತವೆ, ಕೆಲವು ಸಾಯಲೂಬಹುದು. ಚೇತರಿಸಿಕೊಂಡದ್ದೂ ಆ ಹೊತ್ತಿನಲ್ಲಿ ಹಕ್ಕಿಗೋ ಇರುವೆಗೋ ಸುಲಭದ ತುತ್ತು. ಫೋಟೋವೂ ಚೆನ್ನಾಗಿ ಬರುವುದಿಲ್ಲ. ಕಾಲು ಮಡಚಿಕೊಂಡಿರುತ್ತದೆ, ಮೀಸೆ ಜೋತು ಬಿದ್ದಿರುತ್ತದೆ, ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರು ಕಟ್ಟುತ್ತದೆ. ಹುಳಗಳನ್ನು ಬಲ್ಲವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇದನ್ನು ಕಲಿಸುವವರಿಗೂ, ಅಂಟು ಹಚ್ಚಿ ಇರುವೆ ನಿಲ್ಲಿಸುವವರಿಗೂ, ದಾರ ಕಟ್ಟಿ ಕಪ್ಪೆಗೆ ಎಲೆಯ ಕೊಡೆ ಹಿಡಿಸುವವರಿಗೂ ಪ್ರಕೃತಿ ಛಾಯಾಗ್ರಾಹಕರು ಅಂತ ಹೇಳಿಕೊಳ್ಳುವ ಹಕ್ಕಿಲ್ಲ. ಅಲುಗಾಡದ ಹುಳ ಬೇಕಾದರೆ ಬಿಸಿಲು ಬೀಳುವ ಮೊದಲು ಹೋಗಿ. ಏರೋಪ್ಲೇನ್ ಚಿಟ್ಟೆಗಳು ಹುಲ್ಲುಕಡ್ಡಿ ಹಿಡಿದು ಇಬ್ಬನಿಯಲ್ಲಿ ನೆನೆದು ಕೂತಿರುತ್ತವೆ. ಮೈ ಬೆಚ್ಚಗಾಗುವವರೆಗೆ ಏಳುವುದಿಲ್ಲ.

ಪ್ರಶ್ನೆ: ಫೋಕಸ್ ಸ್ಟ್ಯಾಕಿಂಗ್‌ಗೆ (ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ ತೆಗೆದ ಫೋಟೋಗಳನ್ನು ಒಂದಾಗಿ ಸೇರಿಸಲು) ಎಷ್ಟು ಫೋಟೋ ಬೇಕು? (ಮೈಸೂರು)

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1, ಎಫ್ 11 ಇಟ್ಟರೆ ಚೂಪಾಗಿ ಸಿಗುವ ಆಳ ಒಂದೂಕಾಲು ಮಿಲಿಮೀಟರ್ ಇರಬಹುದು. ಪ್ರತಿ ಹೆಜ್ಜೆ ಅದಕ್ಕಿಂತ ಚಿಕ್ಕದಾಗಿರಲಿ, ಲೆಕ್ಕ ನೀವೇ ಹಾಕಿಕೊಳ್ಳಿ. ಜೀವಂತ ಹುಳಕ್ಕೆ ಏಳೆಂಟು ಸಾಕು. ಫೋಟೋಗಳನ್ನು ಸೇರಿಸಲು ಝೆರೀನ್ ಸ್ಟ್ಯಾಕರ್ ಸಾಫ್ಟ್‌ವೇರ್ ಬಳಸುವವರು ಅದರಲ್ಲಿರುವ ವಿಧಾನಗಳಲ್ಲಿ ಕೂದಲಿನ ಜೇಡಕ್ಕೆ ಪಿಮ್ಯಾಕ್ಸ್, ನಯವಾದ ಜೀರುಂಡೆಗೆ ಡಿಮ್ಯಾಪ್ ಆರಿಸಲಿ. ಮೀಸೆ ಎರಡೆರಡು ಕಂಡರೆ ಒಂದೇ ಫ್ರೇಮಿನಿಂದ ಆ ಭಾಗ ತಂದು ಸರಿಮಾಡಿ.

ಪ್ರಶ್ನೆ: ಎಐ ಶಾರ್ಪ್‌ನೆಸ್ ಬಳಸಿದರೆ ಕಣ್ಣು, ಕೂದಲು ತುಂಬ ಸ್ಪಷ್ಟವಾಗುತ್ತವೆ. ತಪ್ಪೇ? (ಬೆಂಗಳೂರು)

ಸ್ಪಷ್ಟವಾದದ್ದು ಆ ಜೇಡದ ಕೂದಲೇ ಎಂದು ನಿಮಗೆ ಹೇಗೆ ಗೊತ್ತು? ಎಷ್ಟೋ ಸಲ ಅದು ಸಾಫ್ಟ್‌ವೇರ್ ಊಹಿಸಿ ಬರೆದ ಕೂದಲು. ಗೋಡೆಗೆ ಹಾಕಿಕೊಳ್ಳುವ ಚಿತ್ರವಾದರೆ ನಿಮ್ಮಿಷ್ಟ. ಜೀವಿಗಳನ್ನು ಗುರುತಿಸಿ ದಾಖಲಿಸುವ ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜಾಲತಾಣಗಳಿಗೆ ಅದನ್ನು ಹಾಕಬೇಡಿ. ನೊಣಗಳಲ್ಲಿ ಯಾವ ಜಾತಿ ಎಂದು ಹೇಳುವಾಗ ಬೆನ್ನ ಮೇಲಿನ ಮುಳ್ಳುಗೂದಲು ಎಲ್ಲೆಲ್ಲಿದೆ ಅಂತ ನೋಡುತ್ತಾರೆ. ಇಲ್ಲದ ಕೂದಲು ಸೇರಿಸಿದರೆ ಗುರುತಿಸುವವರ ದಾರಿ ತಪ್ಪಿಸಿದ ಹಾಗೆ.

ಪ್ರಶ್ನೆ: ಆಗುಂಬೆಯಲ್ಲಿ ರಾತ್ರಿ ಕಪ್ಪೆ ತೆಗೆಯಲು ಹೋಗುತ್ತಿದ್ದೇವೆ. ಫ್ಲಾಶ್ ಎಷ್ಟಿರಬೇಕು? (ತುಮಕೂರು)

ಫ್ಲಾಶ್ ವಿಷಯ ಮೇಲೆ ಹೇಳಿದ್ದೇ. ಕಪ್ಪೆಯ ಮೈ ಒದ್ದೆ, ಹಾಗಾಗಿ ಡಿಫ್ಯೂಸರ್ ಇನ್ನೂ ಹತ್ತಿರ ಬರಲಿ. ಒಂದು ಕಪ್ಪೆಗೆ ನಾಲ್ಕೈದು ಸಲ ಫ್ಲಾಶ್ ಹೊಡೆದರೆ ಸಾಕು, ನಾನು ಅದಕ್ಕಿಂತ ಹೆಚ್ಚು ಹೊಡೆಯುವುದಿಲ್ಲ. ಕೈಯಲ್ಲಿ ಮಾತ್ರ ಮುಟ್ಟಬೇಡಿ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರಾಡುತ್ತದೆ. ನಿಮ್ಮ ಕೈಯ ಸೊಳ್ಳೆ ಮುಲಾಮು ನೇರ ಅದರ ಮೈಗೆ ಹೋಗುತ್ತದೆ. ಡೀಟ್ ಎಂಬ ರಾಸಾಯನಿಕ ಇರುವ ಮುಲಾಮು ಕ್ಯಾಮೆರಾದ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ, ಹಾಗಾಗಿ ಮೈ ತುಂಬ ಮುಚ್ಚುವ ಬಟ್ಟೆ ಹಾಕಿ. ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟು ತೊಳೆದು ಒಣಗಿಸಿ. ಕಪ್ಪೆಯ ಚರ್ಮಕ್ಕೆ ಹತ್ತುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗೆ ಕಾಲಿಡಬೇಡಿ. ರಸ್ತೆ ಬದಿಯ ಹಳ್ಳದಲ್ಲೇ ಬೇಕಾದಷ್ಟು ಕಪ್ಪೆಗಳಿವೆ.

ಪ್ರಶ್ನೆ: ಕಾಡಿಗೆ ಹೋಗಲು ಪುರುಸೊತ್ತಿಲ್ಲ, ಇರುವುದು ಮೊಬೈಲ್ ಮಾತ್ರ. (ಬೆಂಗಳೂರು)

ಬಾಲ್ಕನಿಯಲ್ಲಿ ಕರಿಬೇವಿನ ಕುಂಡ ಇದ್ದರೆ ಎಲೆಗಳನ್ನು ನೋಡಿ. ಹಕ್ಕಿ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳ ಇರಬಹುದು, ಕೀಳಬೇಡಿ. ಮೊಬೈಲಿನ ಫ್ಲಾಶ್ ಬಂದ್ ಮಾಡಿ. ಬಿಸಿಲಿಗೂ ಹುಳಕ್ಕೂ ನಡುವೆ ಟ್ರೇಸಿಂಗ್ ಪೇಪರ್ ಅಡ್ಡ ಹಿಡಿದು ತೆಗೆಯಿರಿ. ಮರಿಹುಳ ದೊಡ್ಡದಾಗಿ ಹಸಿರು ಬಣ್ಣಕ್ಕೆ ತಿರುಗಿದಾಗ ಇನ್ನೊಮ್ಮೆ ತೆಗೆಯಿರಿ.