ಹುಲಿ ಗಣತಿಯಲ್ಲಿ ಒಂದೇ ಜಾಗಕ್ಕೆ ಎರಡು ಕ್ಯಾಮೆರಾ ಏಕೆ?

ಹುಲಿಯ ಎಡ ಮತ್ತು ಬಲ ಮಗ್ಗುಲಿನ ಪಟ್ಟೆಗಳು ಬೇರೆ ಬೇರೆ. ಒಂದು ಕಡೆ ಎಡಮಗ್ಗುಲು, ಇನ್ನೊಂದು ಕಡೆ ಬಲಮಗ್ಗುಲು ಮಾತ್ರ ಸಿಕ್ಕರೆ ಅದು ಒಂದೇ ಹುಲಿಯೋ ಎರಡೋ ಹೇಳಲಾಗದು. ಹಾಗಾಗಿ ಕಾಡುದಾರಿಯ ಎರಡೂ ಬದಿಗೆ, ದಾರಿಯ ನಡುವಿನಿಂದ ಮೂರ್ನಾಲ್ಕು ಮೀಟರ್ ದೂರದಲ್ಲಿ, ಮೊಣಕಾಲೆತ್ತರಕ್ಕೆ, ಏನಾದರೂ ಅಲುಗಿದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟುತ್ತಾರೆ. ನೇರ ಎದುರುಬದುರು ಇಡಬಾರದು. ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಮುಂದಿನ ಹುಲ್ಲು ಸವರದಿದ್ದರೆ ಅದು ಬಿಸಿಲುಗಾಳಿಗೆ ಅಲುಗಿ ಖಾಲಿ ಚಿತ್ರಗಳೇ ತುಂಬುತ್ತವೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಆದರೆ ಚಿತ್ರದಲ್ಲಿ ಸಿಕ್ಕ ಹುಲಿಗಳನ್ನಷ್ಟೇ ಎಣಿಸಿದರೆ ಗಣತಿ ಆಗಲಿಲ್ಲ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಬಳಸಿದ ವಿಧಾನದಲ್ಲಿ, ಅದೇ ಹುಲಿ ಎಷ್ಟು ಸಲ ಮತ್ತೆ ಸಿಕ್ಕಿತು ಎಂಬುದರಿಂದ ಕ್ಯಾಮೆರಾಕ್ಕೆ ಬೀಳದವುಗಳನ್ನೂ ಅಂದಾಜಿಸುತ್ತಾರೆ. ಸಾಮಾನ್ಯವಾಗಿ 45–60 ದಿನದೊಳಗೆ ಮುಗಿಸುತ್ತಾರೆ. ತಡವಾದರೆ ಹುಟ್ಟು, ಸಾವು, ವಲಸೆ ಸೇರಿ ಲೆಕ್ಕ ಕೆಡುತ್ತದೆ.